ಆರೋಗ್ಯ ಪ್ರಶ್ನೋತ್ತರ: ರಾತ್ರಿ ಸುಮ್ಮನಿರದ ಕಾಲುಗಳು

ನಿದ್ದೆಯ ಕುರಿತು ಈ ಸಲ ಬಂದ ಪತ್ರಗಳಲ್ಲಿ ಗೊರಕೆಗಿಂತ ಕಾಲಿನ ದೂರುಗಳೇ ಹೆಚ್ಚಾಗಿವೆ. ಗದಗ, ಹಾವೇರಿ ಮತ್ತು ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದ ಏಳು ಪತ್ರಗಳನ್ನು ಆಯ್ದುಕೊಂಡು, ಹೆಸರುಗಳನ್ನು ಕೈಬಿಟ್ಟು, ತುಸು ಸಂಕ್ಷೇಪಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ, ನಮ್ಮದು ನೇಕಾರರ ಮನೆ. ಹಗಲು ಓಡಾಡಿಕೊಂಡಿರುವಾಗ ಏನೂ ಇರುವುದಿಲ್ಲ. ಸಂಜೆ ಕಂಡಿಕೆ ಸುತ್ತಲು ಕುಳಿತು ಅರ್ಧ ತಾಸಾಗುವಷ್ಟರಲ್ಲಿ ಮೀನಗಂಡದ ಒಳಗೆ ಇರುವೆ ಹರಿದಾಡಿದಂತಾಗಿ ಕಾಲು ಜಗ್ಗತೊಡಗುತ್ತವೆ. ಮಲಗಿದ ಮೇಲಂತೂ ತಡೆಯಲಾಗದು. ಎದ್ದು, ತಣ್ಣನೆಯ ಫರಸಿಯ ಮೇಲೆ ಪಾದ ಊರಿ, ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿದರೆ ಹಗುರಾಗುತ್ತದೆ. ಮತ್ತೆ ಮಲಗಿದರೆ ಮತ್ತೆ ಅದೇ. ಹಳೆಯ ಸೀರೆಯ ತುಂಡಿನಿಂದ ಕಾಲನ್ನು ಬಿಗಿದು ಕಟ್ಟಿಕೊಂಡು ಮಲಗುತ್ತೇನೆ. ನಮ್ಮವ್ವನೂ ಹಾಗೆಯೇ ಕಟ್ಟಿಕೊಳ್ಳುತ್ತಿದ್ದಳು. ಹಿಮೋಗ್ಲೋಬಿನ್ 12.3 ಇದೆ, ಎಲ್ಲ ಸರಿಯಿದೆ ಎಂದು ಹೇಳಿ ಕಳಿಸಿದ್ದಾರೆ. ಅತ್ತೆಯವರು ನರದ ದೌರ್ಬಲ್ಯ ಎನ್ನುತ್ತಾರೆ, ಮನೆಯವರು ಚಿಂತೆ ಬಿಡು ಎನ್ನುತ್ತಾರೆ. ಇದು ಕಾಯಿಲೆಯೋ, ನನ್ನ ಭ್ರಮೆಯೋ?
— ಓದುಗರೊಬ್ಬರು, ಬೆಟಗೇರಿ

ಉತ್ತರ: ಭ್ರಮೆಯಲ್ಲ. ನಿಮ್ಮ ಪತ್ರದಲ್ಲಿಯೇ ರೋಗನಿರ್ಣಯ ಬಹುಮಟ್ಟಿಗೆ ಆಗಿಹೋಗಿದೆ. ಕಾಲನ್ನು ಅಲ್ಲಾಡಿಸಲೇಬೇಕೆಂಬ ಒತ್ತಡ, ಅದು ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ಹುಟ್ಟುವುದು, ನಡೆದಾಡಿದಾಗ ಇಳಿಯುವುದು, ಹಗಲಿಗಿಂತ ಸಂಜೆ ಮತ್ತು ರಾತ್ರಿ ಹೆಚ್ಚುವುದು — ಈ ನಾಲ್ಕೂ ಲಕ್ಷಣಗಳು ಇದ್ದು, ಬೇರೆ ಕಾರಣದಿಂದ ಬಂದದ್ದಲ್ಲ ಎಂದು ಖಚಿತವಾದರೆ, ಅದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಅಂದರೆ ಚಡಪಡಿಸುವ ಕಾಲುಗಳ ತೊಂದರೆ ಎಂದು ಕರೆಯುತ್ತೇವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದನ್ನು ವರ್ಣಿಸಿದ್ದರು; ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್ಬೋಮ್ 1945ರಲ್ಲಿ ಇದರ ಪೂರ್ಣ ಚಿತ್ರವನ್ನು ಕೊಟ್ಟರು. ಇದನ್ನು ಪತ್ತೆ ಮಾಡಲು ಎಕ್ಸ್‌ರೇ ಬೇಕಿಲ್ಲ, ನರದ ವಿದ್ಯುತ್ ಪರೀಕ್ಷೆಯೂ ಸಾಮಾನ್ಯವಾಗಿ ಬೇಕಿಲ್ಲ. ಕೇಳುವ ಕಿವಿ ಬೇಕು. ತಾಯಿಗೂ ಇತ್ತು ಎಂದಿದ್ದೀರಿ. 45 ವರ್ಷದೊಳಗೆ ಶುರುವಾಗುವ ಬಗೆಯು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. 2007ರಿಂದ ಈಚೆಗೆ ಇದಕ್ಕೆ ಸಂಬಂಧಿಸಿದ ವಂಶವಾಹಿ ತಾಣಗಳು ಒಂದೊಂದಾಗಿ ಸಿಕ್ಕಿ, 2024ರ ಹೊತ್ತಿಗೆ ಅವುಗಳ ಸಂಖ್ಯೆ 160 ದಾಟಿದೆ.

ಇನ್ನು ನಿಮ್ಮ 12.3ರ ವಿಷಯ. ಹಿಮೋಗ್ಲೋಬಿನ್ ಎಂದರೆ ದಿನದ ರೊಟ್ಟಿಗೆ ಹೊರತೆಗೆದಿಟ್ಟ ಜೋಳ. ಫೆರಿಟಿನ್ ಎಂದರೆ ಹಗೇವಿನಲ್ಲಿರುವ ಜೋಳ. ಹಗೇವಿನ ತಳ ಕಂಡ ಮೇಲೂ ಕೆಲವು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಇರುತ್ತದೆ. ಹಾಗೆಯೇ ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೀರಮ್ ಫೆರಿಟಿನ್, ಮತ್ತು ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಎರಡು ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಇಲ್ಲಿ ಒಂದು ಮಾತು ನೆನಪಿರಲಿ: ಪ್ರಯೋಗಾಲಯದ ವರದಿಯಲ್ಲಿ ಫೆರಿಟಿನ್‌ನ ‘ಸಾಮಾನ್ಯ’ ಮಿತಿ ಬಹಳ ಕೆಳಗಿನಿಂದಲೇ ಶುರುವಾಗುವುದರಿಂದ 18 ಅಥವಾ 20 ಬಂದರೂ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಈ ಕಾಯಿಲೆಗೆ ಆ ಮಿತಿ ಅನ್ವಯಿಸುವುದಿಲ್ಲ. ವಯಸ್ಕರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಸ್ಯಾಚುರೇಶನ್ ಶೇ. 20ಕ್ಕಿಂತ ಕೆಳಗಿದ್ದರೆ, ಕಬ್ಬಿಣ ಕೊಡಬೇಕು ಎಂಬುದು ಈಗಿನ ಮಾರ್ಗದರ್ಶಿ. ಮೈಯಲ್ಲಿ ಸೋಂಕು ಅಥವಾ ಉರಿಯೂತ ಇರುವಾಗ ಫೆರಿಟಿನ್ ಸುಳ್ಳುಸುಳ್ಳೇ ಏರುತ್ತದೆ. ಜ್ವರ ಬಂದ ವಾರ ಪರೀಕ್ಷೆ ಬೇಡ.

ಕಾಲಿನ ಕಾಟಕ್ಕೂ ಕಬ್ಬಿಣಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಬೇಕಾದರೆ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಬೇಕು, ಆ ಕಿಣ್ವ ಕೆಲಸ ಮಾಡಲು ಕಬ್ಬಿಣ ಬೇಕು. ಈ ರೋಗವಿರುವವರ ಮಿದುಳನ್ನು ಎಂಆರ್‌ಐಯಲ್ಲಿ ನೋಡಿದಾಗ, ಹಾಗೂ ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಪರಿಶೀಲಿಸಿದಾಗ, ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗದಲ್ಲಿ ಕಬ್ಬಿಣ ಕಡಿಮೆಯಿರುವುದು ಕಂಡುಬಂದಿದೆ; ಕೆಲವರಲ್ಲಂತೂ ರಕ್ತದಲ್ಲಿ ಸಾಕಷ್ಟಿದ್ದೂ ಮಿದುಳಿನಲ್ಲಿ ಕೊರತೆ. ರಕ್ತದಲ್ಲಿ ಕಬ್ಬಿಣದ ಮಟ್ಟ ರಾತ್ರಿ ಹೊತ್ತಿನಲ್ಲಿ ಇಳಿಯುತ್ತದೆ ಎಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ, ನಿಮ್ಮ ಕಾಲು ಸಂಜೆಯನ್ನೇ ಏಕೆ ಕಾಯುತ್ತದೆ ಎಂಬುದರ ಒಂದು ಸುಳಿವು ಸಿಗುತ್ತದೆ.

ಮಾತ್ರೆಯ ಮಟ್ಟಿಗೆ ದುಬಾರಿಯದ್ದೇನೂ ಬೇಡ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ವೈದ್ಯರು ಒಪ್ಪಿದರೆ ಅದನ್ನೇ ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಬಹುದು. ಚಹಾದ ಜೊತೆ ಮಾತ್ರ ಬೇಡ. ನಮ್ಮ ಕಡೆ ಊಟ ಮುಗಿದ ಕೂಡಲೇ ಚಹಾ ಕುಡಿಯುವ ರೂಢಿಯಿದೆ; ಮೆಂತೆ ಸೊಪ್ಪು, ಪುಂಡಿಪಲ್ಲೆ, ಸಜ್ಜೆ ರೊಟ್ಟಿಯಿಂದ ಬರಬೇಕಾದ ಕಬ್ಬಿಣವನ್ನೂ ಅದು ಹೀರಲು ಬಿಡುವುದಿಲ್ಲ. ಮೂರು ತಿಂಗಳಾದ ಮೇಲೆ ಫೆರಿಟಿನ್ ಮತ್ತೆ ನೋಡಬೇಕು. ಏರದಿದ್ದರೆ, ಅಥವಾ ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ, ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿ ಇದೆ. ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಮುಟ್ಟಿನ ಸ್ರಾವ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು, ಇಲ್ಲವಾದರೆ ತೂತಿನ ಕೊಡಕ್ಕೆ ನೀರು ತುಂಬಿದಂತಾಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ನಿಮ್ಮ ಓಣಿಯಲ್ಲಿ ನೀವೊಬ್ಬರೇ ರಾತ್ರಿ ಎದ್ದು ಅಡ್ಡಾಡುತ್ತಿರಲಿಕ್ಕಿಲ್ಲ.

ಕೊನೆಯದಾಗಿ, ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ನೆಗಡಿಗೆ ಕೊಡುವ ನಿದ್ದೆ ಬರಿಸುವ ಮಾತ್ರೆ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಹಲವು ಔಷಧಿಗಳು ಕಾಲಿನ ಕಾಟವನ್ನು ಹೆಚ್ಚಿಸಬಲ್ಲವು. ‘ನರದ ಮಾತ್ರೆ’ ಎಂದು ಕೊಡುವ ಕೆಲವು ಜೋಡಿ ಮಾತ್ರೆಗಳಲ್ಲಿ ಈ ರೋಗಕ್ಕೆ ಒಳ್ಳೆಯದಾದ ಪ್ರಿಗ್ಯಾಬಲಿನ್ ಇರುತ್ತದೆ, ಅದರ ಮಗ್ಗುಲಲ್ಲಿಯೇ ರೋಗವನ್ನು ಕೆದಕಬಲ್ಲ ನಾರ್ಟ್ರಿಪ್ಟಿಲಿನ್ ಕೂಡ ಇರುತ್ತದೆ. ಹಾಳೆಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಸಿ ನೋಡಿ. ಸೀರೆಯ ತುಂಡನ್ನು ಕಟ್ಟಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ, ಪಾದ ತಣ್ಣಗಾಗಿ ಜೋಮು ಹಿಡಿಯುವಷ್ಟು ಬಿಗಿಯಬೇಡಿ, ಅಷ್ಟೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಆರು ವರ್ಷಗಳ ಹಿಂದೆ ಇದೇ ಕಾಯಿಲೆ ಎಂದು ಹೇಳಿ ಪ್ರಾಮಿಪೆಕ್ಸೋಲ್ ಎಂಬ ಮಾತ್ರೆ ಕೊಟ್ಟರು. ಮೊದಲ ರಾತ್ರಿಯೇ ಪವಾಡದಂತೆ ನಿದ್ದೆ ಬಂತು. ಎರಡು ವರ್ಷದ ನಂತರ ಗುಣ ಕಡಿಮೆಯಾಯಿತೆಂದು ಪ್ರಮಾಣ ಹೆಚ್ಚಿಸಿದರು, ಆಮೇಲೆ ಮತ್ತೊಮ್ಮೆ ಹೆಚ್ಚಿಸಿದರು. ಈಗ ರಾತ್ರಿ ಹತ್ತಕ್ಕೆ ಬರುತ್ತಿದ್ದ ಕಾಟ ಮಧ್ಯಾಹ್ನ ಮೂರಕ್ಕೇ ಬರುತ್ತದೆ, ಕೈಗಳಿಗೂ ಹಬ್ಬಿದೆ. ಇನ್ನೂ ಹೆಚ್ಚಿಸಬೇಕೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ, ಮಾಸ್ತರರೇ. ನೀವು ಬರೆದಿರುವುದು ರೋಗ ಬೆಳೆದ ಕಥೆಗಿಂತ ಹೆಚ್ಚಾಗಿ ಔಷಧಿಯೇ ರೋಗವನ್ನು ಬೆಳೆಸಿದ ಕಥೆ. ಇದಕ್ಕೆ ಆಗ್ಮೆಂಟೇಶನ್ ಎಂದು ಹೆಸರು. ಲಕ್ಷಣಗಳು ದಿನದಲ್ಲಿ ಮುಂಚೆಯೇ ಶುರುವಾಗುವುದು, ಕುಳಿತ ಕೂಡಲೇ ಕಾಣಿಸಿಕೊಳ್ಳುವುದು, ಕಾಲಿನಿಂದ ಕೈಗೆ ಹಬ್ಬುವುದು, ಪ್ರಮಾಣ ಹೆಚ್ಚಿಸಿದಾಗ ಕೆಲವು ದಿನ ತಣಿದು ಆಮೇಲೆ ಇನ್ನೂ ಕೆಣಕುವುದು ಇದರ ಗುರುತು. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಔಷಧಿ ತೆಗೆದುಕೊಳ್ಳುವವರಲ್ಲಿ ಇದನ್ನು 1996ರಲ್ಲಿ ಅಮೆರಿಕದ ವೈದ್ಯರು ಮೊದಲಿಗೆ ವಿವರಿಸಿದರು. ಡೋಪಮಿನ್‌ನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಬಂದಾಗ ಇವು ಅದಕ್ಕಿಂತ ಸುರಕ್ಷಿತ ಎಂದು ನಾವೆಲ್ಲ ನಂಬಿದೆವು. ನಾನೂ ಧಾರಾಳವಾಗಿ ಬರೆದುಕೊಟ್ಟವನೇ. ಔಷಧಿಗೆ ಮಾನ್ಯತೆ ಕೊಡುವ ಪ್ರಯೋಗಗಳು ಹೆಚ್ಚಿನವು ಕೆಲವೇ ವಾರ ಅಥವಾ ತಿಂಗಳು ನಡೆಯುತ್ತವೆ, ಈ ತೊಂದರೆಯಾದರೋ ವರ್ಷಗಳ ಮೇಲೆ ಬರುತ್ತದೆ. ವರ್ಷಕ್ಕೆ ನೂರರಲ್ಲಿ ಏಳೆಂಟು ಮಂದಿಯಂತೆ ಇದು ಕೂಡುತ್ತ ಹೋಗುತ್ತದೆ ಎಂಬುದು ದೀರ್ಘಕಾಲ ಗಮನಿಸಿದ ಮೇಲೆ ತಿಳಿದ ಸಂಗತಿ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯು 2025ರ ಆರಂಭದಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಒಂದು ಕಾಲಕ್ಕೆ ಮೊದಲ ಆಯ್ಕೆಯಾಗಿದ್ದ ಈ ಗುಂಪಿನ ಔಷಧಿಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳಿ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮತ್ತು ಅಗತ್ಯವಿದ್ದವರಿಗೆ ರಕ್ತನಾಳದ ಮೂಲಕ ಕಬ್ಬಿಣವನ್ನು ಮುಂದಕ್ಕೆ ತಂದಿದೆ.

ಆದರೆ ಈ ಉತ್ತರ ಓದಿದ ಕೂಡಲೇ ಮಾತ್ರೆಯನ್ನು ಒಮ್ಮೆಲೆ ಬಿಟ್ಟುಬಿಡಬೇಡಿ. ಹಾಗೆ ಬಿಟ್ಟವರು ಹಲವು ರಾತ್ರಿ ಕಣ್ಣು ಮುಚ್ಚಲಾಗದೆ ಒದ್ದಾಡಿ, ಮತ್ತೆ ಅದೇ ಮಾತ್ರೆಗೆ ಮರಳುತ್ತಾರೆ. ಮೊದಲು ಫೆರಿಟಿನ್ ನೋಡಿ ಕಬ್ಬಿಣ ಸರಿಪಡಿಸುವುದು, ಬಳಿಕ ಬೇರೆ ಗುಂಪಿನ ಔಷಧಿಯನ್ನು ಜೊತೆಗೆ ಸೇರಿಸುವುದು, ಅದರ ಆಸರೆಯಲ್ಲಿ ಹಳೆಯದನ್ನು ವಾರ ವಾರಕ್ಕೆ ತುಸುತುಸುವೇ ಇಳಿಸುವುದು ನರರೋಗ ತಜ್ಞರು ಅನುಸರಿಸುವ ಕ್ರಮ. ಹೊಸ ಔಷಧಿಗಳಿಂದ ತಲೆ ತಿರುಗಬಹುದು. ನಿಮ್ಮ ವಯಸ್ಸಿಗೆ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವ ಭಯವಿದೆ, ಮೂತ್ರಪಿಂಡದ ಪರೀಕ್ಷೆ ನೋಡಿಯೇ ಪ್ರಮಾಣ ಗೊತ್ತುಮಾಡಬೇಕು. ಮುಜುಗರದ ಇನ್ನೊಂದು ಪ್ರಶ್ನೆಯನ್ನು ನಾನು ಕೇಳಲೇಬೇಕು: ಈ ಆರು ವರ್ಷಗಳಲ್ಲಿ ಇಸ್ಪೀಟು, ಮಟಕಾ, ಮೊಬೈಲಿನಲ್ಲಿ ರಮ್ಮಿ, ಅಗತ್ಯವಿಲ್ಲದ ಖರೀದಿ — ಇಂಥ ಯಾವುದಾದರೂ ಹೊಸ ಗೀಳು ಹತ್ತಿದೆಯೇ? ಈ ಮಾತ್ರೆಗಳಿಂದ ಮನಸ್ಸಿನ ಕಡಿವಾಣ ಸಡಿಲಾಗುವುದುಂಟು. ಹಾಗಾಗಿದ್ದರೆ ಅದು ನಿಮ್ಮ ಶೀಲದ ದೋಷವಲ್ಲ. ಮನೆಯವರಿಗೂ ವೈದ್ಯರಿಗೂ ತಿಳಿಸಿ.

ಪ್ರಶ್ನೆ: ಆರು ವರ್ಷದ ಮಗ ರಾತ್ರಿ ಕಟಕಟನೆ ಹಲ್ಲು ಕಡಿಯುತ್ತಾನೆ. ಹೊಟ್ಟೆಯಲ್ಲಿ ಜಂತು ಇದೆ ಎಂದು ಎಲ್ಲರೂ ಹೇಳುತ್ತಾರೆ. ಎರಡು ಸಲ ಜಂತಿನ ಔಷಧಿ ಕೊಟ್ಟರೂ ನಿಂತಿಲ್ಲ.
— ತಾಯಿಯೊಬ್ಬರು, ರಾಣೆಬೆನ್ನೂರು

ಉತ್ತರ: ಜಂತಿನ ಔಷಧಿ ಶಾಲೆಯಲ್ಲಿ ಕೊಟ್ಟಾಗ ತಪ್ಪದೆ ಕೊಡಿಸಿ, ಅದು ಜಂತಿಗಾಗಿ. ನಿದ್ದೆಯಲ್ಲಿ ಹಲ್ಲು ಕಡಿಯುವುದು ದವಡೆಯ ಸ್ನಾಯುಗಳ ಚಲನೆ. ಮಕ್ಕಳಲ್ಲಿ ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಬೆಳೆದಂತೆ ತಾನೇ ಕಡಿಮೆಯಾಗುತ್ತದೆ. ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ಹಲ್ಲು ಸವೆದಿದ್ದರೆ ದಂತವೈದ್ಯರಿಗೆ ತೋರಿಸಿ. ಎರಡೂ ಇಲ್ಲದಿದ್ದರೆ ಸದ್ದನ್ನು ಸಹಿಸಿಕೊಳ್ಳಬೇಕಾದವರು ನೀವು ಮಾತ್ರ.

ಪ್ರಶ್ನೆ: ಗೊರಕೆಗಾಗಿ ರಾತ್ರಿ ಪೂರ್ತಿ ನಿದ್ರಾ ಪರೀಕ್ಷೆ ಮಾಡಿಸಿದೆ. ಉಸಿರುಕಟ್ಟುವಿಕೆ ಅಲ್ಪ ಪ್ರಮಾಣದಲ್ಲಿದೆಯಂತೆ, ಆದರೆ ವರದಿಯಲ್ಲಿ ‘ಪೀರಿಯಾಡಿಕ್ ಲಿಂಬ್ ಮೂವ್‌ಮೆಂಟ್ ಇಂಡೆಕ್ಸ್ 32’ ಎಂದು ಕೆಂಪಕ್ಷರದಲ್ಲಿ ಬಂದಿದೆ. ಕಾಲು ಒದೆಯುತ್ತೀರಿ ಎಂದು ಹೆಂಡತಿಯೂ ಹೇಳುತ್ತಾಳೆ. ನನಗೆ ಮಾತ್ರ ಬೆಳಿಗ್ಗೆ ಎದ್ದಾಗ ಯಾವ ದಣಿವೂ ಇರುವುದಿಲ್ಲ. 32 ಎಂದರೆ ಗಂಭೀರವೇ? ವಯಸ್ಸು 54.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಎರಡೂ ಮೊಣಕಾಲುಗಳ ಕೆಳಗೆ, ಮುಂಭಾಗದ ಸ್ನಾಯುವಿನ ಮೇಲೆ ಅಂಟಿಸಿದ್ದ ತಂತಿಗಳು ನೆನಪಿರಬಹುದು. ನಿದ್ದೆಯಲ್ಲಿ ಕಾಲ ಹೆಬ್ಬೆರಳು ಮೇಲಕ್ಕೆ ಎದ್ದು, ಪಾದ ಮಡಚಿ, ಕೆಲವೊಮ್ಮೆ ಮೊಣಕಾಲೂ ಸೊಂಟವೂ ಮಡಚುವ ಈ ಚಲನೆ ಅರ್ಧ ಸೆಕೆಂಡಿನಿಂದ 10 ಸೆಕೆಂಡಿನವರೆಗೆ ಇರಬೇಕು. ಅಂಥ ನಾಲ್ಕಾದರೂ ಸಾಲಾಗಿ, ಒಂದರಿಂದ ಒಂದಕ್ಕೆ 5ರಿಂದ 90 ಸೆಕೆಂಡಿನ ಅಂತರದಲ್ಲಿ ಬಂದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗೆ ಎಣಿಸಿದ್ದನ್ನು ನಿದ್ದೆಯ ತಾಸುಗಳಿಂದ ಭಾಗಿಸಿದಾಗ ಬಂದದ್ದು ನಿಮ್ಮ 32. ಉಸಿರುಕಟ್ಟಿದ ಘಟನೆಗೆ ಅಂಟಿಕೊಂಡು ಬಂದ ಒದೆತವನ್ನು ಇದರಲ್ಲಿ ಸೇರಿಸಬಾರದು ಎಂಬ ನಿಯಮವಿದೆ. ಯಂತ್ರವೇ ಎಣಿಸಿದ ವರದಿಯನ್ನು ತಂತ್ರಜ್ಞರು ಪರಿಶೀಲಿಸದೆ ಬಿಟ್ಟಿದ್ದರೆ ಆ ನಿಯಮ ಮುರಿದುಹೋಗಿರಬಹುದು. ಒಮ್ಮೆ ಕೇಳಿ ನೋಡಿ.

ಇನ್ನು ಕೆಂಪಕ್ಷರದ ವಿಷಯ. ವಯಸ್ಕರಲ್ಲಿ ತಾಸಿಗೆ 15ಕ್ಕಿಂತ ಹೆಚ್ಚಾದರೆ ‘ಹೆಚ್ಚು’ ಎನ್ನುತ್ತಾರೆ ನಿಜ. ಆದರೆ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡುವಯಸ್ಸಿನವರು ಮತ್ತು ಹಿರಿಯರು ಸೇರಿ ಎರಡು ಸಾವಿರಕ್ಕೂ ಹೆಚ್ಚು ನಾಗರಿಕರ ನಿದ್ದೆಯನ್ನು ಅಳೆದಾಗ, ಶೇ. 28ಕ್ಕೂ ಹೆಚ್ಚು ಜನರಲ್ಲಿ ಈ ಎಣಿಕೆ 15ನ್ನು ದಾಟಿತ್ತು. ಅವರು ಆಸ್ಪತ್ರೆಗೆ ದೂರು ಹೊತ್ತು ಬಂದವರಲ್ಲ, ಊರಿನಲ್ಲಿ ಓಡಾಡಿಕೊಂಡಿದ್ದ ಸಾಮಾನ್ಯ ಜನ. ನೂರರಲ್ಲಿ ಇಪ್ಪತ್ತೆಂಟು ಮಂದಿಯನ್ನು ರೋಗಿಗಳೆಂದು ಕರೆಯುವ ಎಣಿಕೆಯಲ್ಲಿ ಏನೋ ಕೊರತೆಯಿದೆ ಎಂದೇ ನಾನು ತಿಳಿಯುತ್ತೇನೆ. ಆದ್ದರಿಂದಲೇ ನಿದ್ರಾ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣವು ಎಣಿಕೆಯೊಂದನ್ನೇ ನೆಚ್ಚದೆ, ನಿದ್ದೆ ಕೆಟ್ಟಿರಬೇಕು ಅಥವಾ ಹಗಲಿನ ಬದುಕು ಹದಗೆಟ್ಟಿರಬೇಕು, ಅದಕ್ಕೆ ಬೇರೆ ಕಾರಣ ಇರಬಾರದು ಎಂಬ ಷರತ್ತುಗಳನ್ನು ಸೇರಿಸಿದೆ. ನಿಮಗೆ ಇವು ಅನ್ವಯಿಸುವುದಿಲ್ಲ. ಅದೂ ಅಲ್ಲದೆ ಈ ಸಂಖ್ಯೆ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಇಂದು 32 ಬಂದವರಿಗೆ ಮುಂದಿನ ವಾರ 14 ಬರಬಹುದು.

ಈ ಒದೆತಗಳ ಜೊತೆ ನಾಡಿ ಓಡುತ್ತದೆ, ರಕ್ತದೊತ್ತಡವೂ ಕ್ಷಣಕಾಲ 20 ಅಂಕದಷ್ಟು ಜಿಗಿಯುವುದುಂಟು. ಇದರಿಂದ ಹೃದಯಕ್ಕೆ ತೊಂದರೆಯೇ ಎಂಬುದು ಈ ಕ್ಷೇತ್ರದ ದೊಡ್ಡ ಚರ್ಚೆ. ಎರಡೂ ಜೊತೆಯಾಗಿ ಕಾಣುತ್ತವೆ ಎಂಬುದಕ್ಕೆ ಆಧಾರವಿದೆ. ಒದೆತ ನಿಲ್ಲಿಸಿದರೆ ಹೃದಯಾಘಾತ ತಪ್ಪುತ್ತದೆ ಎಂದು ತೋರಿಸಿದ ಪ್ರಯೋಗವಿಲ್ಲ. ಹಾಗಾಗಿ 32ಕ್ಕೆ ಮಾತ್ರೆ ಬೇಡ. ಸಂಜೆ ಕುಳಿತಾಗ ಕಾಲು ಕಾಡುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಫೆರಿಟಿನ್ ಒಮ್ಮೆ ನೋಡಿಸಿ, ಖಿನ್ನತೆಯ ಮಾತ್ರೆಯಿದ್ದರೆ ವೈದ್ಯರಿಗೆ ಹೇಳಿ, ರಕ್ತದೊತ್ತಡ ಮತ್ತು ಗೊರಕೆಯ ಕಡೆ ಗಮನವಿರಲಿ. ನಿಮ್ಮ ಮನೆಯವರಿಗೆ ಬೇರೆ ಹೊದಿಕೆ ಕೊಡುವುದು ನನಗೆ ತೋಚುವ ತುರ್ತು ಚಿಕಿತ್ಸೆ.

ಪ್ರಶ್ನೆ: ನಾನು ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಕುಂದಗೋಳ ತಾಲೂಕಿನ ಹಳ್ಳಿಗಳಲ್ಲಿ ಈ ಕಾಲಿನ ತೊಂದರೆ ಎಷ್ಟು ಜನರಿಗಿದೆ ಎಂದು ಸಮೀಕ್ಷೆ ಮಾಡುವ ಆಸೆಯಿದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿ ಮನೆಮನೆಗೆ ಹೋಗಿ ಕೇಳಿದರೆ ಸಾಕೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು, ಆದರೆ ಉತ್ತರ ‘ಸಾಲದು’ ಎಂದೇ. ಈ ಕಾಯಿಲೆಗೆ ರಕ್ತಪರೀಕ್ಷೆಯ ಸಾಕ್ಷಿಯಿಲ್ಲ. ಮಾತೇ ಇಲ್ಲಿ ಉಪಕರಣ. ಉಪಕರಣ ಮೊಂಡಾದರೆ ಸಮೀಕ್ಷೆಯೂ ಮೊಂಡಾಗುತ್ತದೆ. ಮೂಲ ಪ್ರಶ್ನಾವಳಿಯ ತಿರುಳು ನೋವಲ್ಲ, ಅಲ್ಲಾಡಿಸಲೇಬೇಕೆಂಬ ಒತ್ತಡ. ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ನೇರವಾದ ಒಂದು ಶಬ್ದವಿಲ್ಲ. ‘ಕಾಲು ಹರೀತಾವು’ ಎಂದರೆ ಹೊಲದಲ್ಲಿ ದುಡಿದ ದಣಿವೂ ಆಗಬಹುದು, ಮೊಣಕಾಲಿನ ಸಂಧಿವಾತವೂ ಆಗಬಹುದು. ‘ಜೋಮು’ ಎಂದರೆ ಮಡಚಿ ಕುಳಿತು ಮರಗಟ್ಟಿದ ಕಾಲು, ‘ಉರಿ’ ಎಂದರೆ ಅನೇಕ ವೇಳೆ ಸಕ್ಕರೆ ಕಾಯಿಲೆಯ ನರದ ತೊಂದರೆ. ‘ಜಗ್ಗತಾವು’, ‘ಸೇದತಾವು’ ಎಂಬವು ನಮಗೆ ಬೇಕಾದ ಅರ್ಥದ ಸಮೀಪಕ್ಕೆ ಬರುತ್ತವೆ, ಆದರೂ ಪೂರ್ತಿ ಅದೇ ಅಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಹೊರರೋಗಿ ವಿಭಾಗಕ್ಕೆ ಬಂದಿದ್ದ ಹಿರಿಯರೊಬ್ಬರಿಗೆ ನಮ್ಮ ಕಿರಿಯ ವೈದ್ಯರು ‘ಕಾಲು ನೋವೇ?’ ಎಂದು ಕೇಳಿದರು, ಹೌದೆಂದರು. ‘ಉರಿಯೇ?’ ಹೌದು. ‘ಸೆಳೆತವೇ?’ ಅದೂ ಹೌದು. ಕೇಳಿದ್ದಕ್ಕೆಲ್ಲ ಹೌದೆನ್ನುವುದು ವೈದ್ಯರಿಗೆ ತೋರುವ ಒಂದು ಬಗೆಯ ಮರ್ಯಾದೆ. ಕೊನೆಗೆ ನಾನು, ‘ಅಮ್ಮಾ, ಏನು ಮಾಡಿದರೆ ಹಗುರ ಅನಸ್ತದ?’ ಎಂದು ಕೇಳಿದೆ. ಆಕೆ ಮಾತಾಡಲಿಲ್ಲ, ಸೆರಗು ಸರಿಮಾಡಿಕೊಂಡು ಕುರ್ಚಿಯಿಂದ ಎದ್ದು, ಬಾಗಿಲವರೆಗೆ ನಡೆದು, ತಿರುಗಿ ಬಂದು, ‘ಹಿಂಗ ಮಾಡಿದರ’ ಎಂದರು. ಲಕ್ಷಣದ ಹೆಸರನ್ನು ಕೇಳುವ ಬದಲು ಸಂದರ್ಭವನ್ನು ಕೇಳಬೇಕೆಂಬುದನ್ನು ನಾನು ಕಲಿತದ್ದು ಹಾಗೆ. ಯಾವಾಗ ಬರುತ್ತದೆ, ಪುರಾಣ-ಕೀರ್ತನೆಗೆ ಕುಳಿತಾಗ ಏನಾಗುತ್ತದೆ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಸೀಟಿನ ಮೇಲೆ ಕಾಲು ಎಷ್ಟು ಹೊತ್ತು ನಿಲ್ಲುತ್ತವೆ, ಎದ್ದು ನಡೆಯುತ್ತಿರುವಷ್ಟು ಹೊತ್ತೂ ಹಗುರವೇ — ಇವು ನಿಮ್ಮ ಪ್ರಶ್ನೆಗಳಾಗಲಿ. ಅನುವಾದವನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ ಹೋಲಿಸಿ. ಆಮೇಲೆ ಹತ್ತಿಪ್ಪತ್ತು ಜನರ ಮುಂದೆ ಓದಿ, ಅವರಿಗೆ ಏನು ಅರ್ಥವಾಯಿತು ಎಂದು ಅವರ ಬಾಯಿಂದಲೇ ಹೇಳಿಸಿ.

ಅಷ್ಟಾದರೂ ಪ್ರಶ್ನಾವಳಿ ಮೋಸ ಮಾಡುತ್ತದೆ. ನಾಲ್ಕು ಲಕ್ಷಣಗಳನ್ನು ಮಾತ್ರ ಕೇಳಿದಾಗ, ಈ ರೋಗವಿಲ್ಲದವರಲ್ಲಿಯೂ ಶೇ. 16ರಷ್ಟು ಮಂದಿ ನಾಲ್ಕಕ್ಕೂ ಹೌದೆಂದದ್ದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗೊತ್ತಾಯಿತು. ಕಾಲಿನ ಸ್ನಾಯು ಹಿಡಿತ, ಒಂದೇ ಭಂಗಿಯಲ್ಲಿ ಕುಳಿತ ಅಸ್ವಸ್ಥತೆ, ಸಂಧಿ ತೊಂದರೆಗಳು ವೇಷ ಮರೆಸಿಕೊಂಡು ಒಳಗೆ ಬರುತ್ತವೆ. ಬೇರೆ ಕಾರಣಗಳನ್ನು ತಳ್ಳಿಹಾಕಬೇಕೆಂಬ ಐದನೆಯ ನಿಬಂಧನೆಯನ್ನು 2014ರಲ್ಲಿ ಪ್ರಕಟವಾದ ಪರಿಷ್ಕೃತ ಮಾನದಂಡಗಳಲ್ಲಿ ಸೇರಿಸಿದ್ದು ಅದಕ್ಕಾಗಿಯೇ. ರೋಗವೇ ವಿರಳವಾಗಿರುವ ಕಡೆ ಈ ತಪ್ಪು ಇನ್ನೂ ದುಬಾರಿ: ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕಂಡದ್ದು ಶೇ. 2.1 ಮಾತ್ರ. ಸಾವಿರ ಜನರಲ್ಲಿ 21 ಮಂದಿ ನಿಜವಾದ ರೋಗಿಗಳಿದ್ದು, ಉಳಿದ 979 ಮಂದಿಯಲ್ಲಿ ನೂರಕ್ಕೆ ಹದಿನಾರರಂತೆ ತಪ್ಪಾಗಿ ಹೌದೆಂದರೆ, ನಿಮ್ಮ ಪಟ್ಟಿಯಲ್ಲಿ 150ಕ್ಕೂ ಹೆಚ್ಚು ಹುಸಿ ರೋಗಿಗಳು ಸೇರಿಬಿಡುತ್ತಾರೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಹೌದೆಂದವರನ್ನೂ, ಇಲ್ಲವೆಂದವರಲ್ಲಿ ಕೆಲವರನ್ನೂ ಈ ಕಾಯಿಲೆ ಬಲ್ಲ ವೈದ್ಯರೊಬ್ಬರು ಎರಡನೆಯ ಸುತ್ತಿನಲ್ಲಿ ಮಾತಾಡಿಸಲಿ. ಮೊದಲ ಸುತ್ತಿನ ಉತ್ತರವನ್ನು ಅವರಿಗೆ ತಿಳಿಸಬೇಡಿ. ವರ್ಷಕ್ಕೊಮ್ಮೆ ಕಾಡಿದವರನ್ನೂ ವಾರಕ್ಕೆ ಎರಡು ಸಲ ಕಾಡುವವರನ್ನೂ ಬೇರೆಬೇರೆಯಾಗಿ ಎಣಿಸಿ. ಗರ್ಭಿಣಿಯರನ್ನು ಪ್ರತ್ಯೇಕವಾಗಿ ಗುರುತಿಸಿ, ಏಕೆಂದರೆ ಕೊನೆಯ ಮೂರು ತಿಂಗಳಲ್ಲಿ ಈ ತೊಂದರೆ ಏರಿ, ಹೆರಿಗೆಯಾದ ಮೇಲೆ ಬಹುಪಾಲು ಇಳಿದುಹೋಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ಭಾಗವಹಿಸುವವರ ಲಿಖಿತ ಸಮ್ಮತಿ ಇಲ್ಲದೆ ಒಂದು ಮನೆಯ ಕಟ್ಟೆಯನ್ನೂ ಹತ್ತಬೇಡಿ.

ಮುಂದೆ ಎಂದಾದರೂ ಚಿಕಿತ್ಸೆಯ ಪ್ರಯೋಗಕ್ಕೆ ಇಳಿದರೆ ಇನ್ನೊಂದು ಗುಂಡಿ ಕಾದಿದೆ. ಈ ಕಾಯಿಲೆಯಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆಗೇ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಚೆನ್ನಾಗಿ ಗುಣ ಕಂಡಿದ್ದಾರೆ. 0ಯಿಂದ 40ರವರೆಗಿನ ಅಂತರರಾಷ್ಟ್ರೀಯ ತೀವ್ರತೆಯ ಮಾಪನದಲ್ಲಿ ಅಂಕಗಳು ಹುಸಿ ಮಾತ್ರೆಗೂ ಸರಸರನೆ ಇಳಿಯುತ್ತವೆ. ನಿದ್ದೆಯಲ್ಲಿನ ಕಾಲಿನ ಒದೆತದ ಎಣಿಕೆ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಹುಬ್ಬಳ್ಳಿಯ ಓದುಗರಿಗೆ ನಾನು ಬದಿಗಿಡಿ ಎಂದ ಆ ಎಣಿಕೆ, ಸಂಶೋಧಕರ ಕೈಯಲ್ಲಿ ಬೆಲೆ ಪಡೆಯುವುದು ಇಲ್ಲಿಯೇ.

ಪ್ರಶ್ನೆ: ನಡುರಾತ್ರಿ ಮೀನಗಂಡ ಹಿಡಿದು ಗಂಟು ಕಟ್ಟಿ ಜೀವ ಹೋದಂತಾಗುತ್ತದೆ. ಇದೂ ಅದೇ ಕಾಯಿಲೆಯೇ?
— ರೈತರೊಬ್ಬರು, ನವಲಗುಂದ

ಉತ್ತರ: ಅಲ್ಲ. ಇದು ಸ್ನಾಯು ಹಿಡಿತ. ಕೈಗೆ ಸಿಗುವ ಗಂಟು, ತಡೆಯಲಾಗದ ನೋವು ಇದರ ಗುರುತು, ಚಡಪಡಿಕೆಯಲ್ಲ. ಹಿಡಿದಾಗ ಮೊಣಕಾಲನ್ನು ನೇರ ಮಾಡಿ ಪಾದದ ತುದಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ನಿಂತು ಮೀನಗಂಡವನ್ನು ಹಿಗ್ಗಿಸುವ ಅಭ್ಯಾಸ ಮಾಡಿ. ಹಿಂದೆ ಇದಕ್ಕೆ ಕ್ವಿನೈನ್ ಕೊಡುತ್ತಿದ್ದರು. ರಕ್ತ ಮತ್ತು ಹೃದಯಕ್ಕೆ ಆಗಬಹುದಾದ ಅಪಾಯದಿಂದಾಗಿ ಅದನ್ನು ಈಗ ಶಿಫಾರಸು ಮಾಡುವುದಿಲ್ಲ. ನಡೆಯುವಾಗಲೂ ಹಿಡಿದು, ನಿಂತರೆ ಬಿಡುತ್ತದೆ ಎಂದಾದರೆ, ಅದರಲ್ಲೂ ಬೀಡಿಯ ಚಟವಿದ್ದರೆ, ಕಾಲಿನ ರಕ್ತನಾಳದ ಪರೀಕ್ಷೆ ತಡಮಾಡಬೇಡಿ.

ಪ್ರಶ್ನೆ: ಅಪ್ಪನಿಗೆ 67 ವರ್ಷ. ಬೆಳಗಿನ ಜಾವ ನಿದ್ದೆಯಲ್ಲಿಯೇ ಕೂಗಿ, ಕೈ ಬೀಸಿ, ಗೋಡೆಗೆ ಒದೆಯುತ್ತಾನೆ. ಎಬ್ಬಿಸಿದರೆ ಹೋರಿ ಮೈಮೇಲೆ ಬಂತು, ತಳ್ಳುತ್ತಿದ್ದೆ ಎನ್ನುತ್ತಾನೆ. ಕಳೆದ ತಿಂಗಳು ಅವ್ವನ ಹಲ್ಲಿಗೆ ಏಟು ಬಿತ್ತು. ಹಗಲಿನಲ್ಲಿ ಇಷ್ಟು ಮೆತ್ತನೆಯ ಮನುಷ್ಯ ಊರಲ್ಲಿಲ್ಲ. ಗಾಳಿ ಸೋಕಿದೆ ಎಂದು ಕೆಲವರು ದೇವರ ಮನೆ ತೋರಿಸಿದ್ದಾರೆ.
— ಮಗಳು, ಹಾವೇರಿ ತಾಲೂಕು

ಉತ್ತರ: ಹಾವೇರಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆ ನೋಡಿದವರಿಗೆ ನಿಮ್ಮ ತಂದೆಯವರ ಕನಸು ಅಪರಿಚಿತವೇನಲ್ಲ, ಅದು ಕನಸಾಗಿಯೇ ಉಳಿಯದಿರುವುದು ತೊಂದರೆ. ಕನಸು ಬೀಳುವ ನಿದ್ದೆಯನ್ನು ರೆಮ್ ನಿದ್ದೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟು ಮೈಯ ಉಳಿದ ಸ್ನಾಯುಗಳನ್ನು ಮಿದುಳು ಕಟ್ಟಿಹಾಕಿರುತ್ತದೆ. ಆ ಕಟ್ಟು ಸಡಿಲಾದವರು ಕನಸಿನಲ್ಲಿ ಮಾಡಿದ್ದನ್ನು ಹಾಸಿಗೆಯಲ್ಲಿ ಮಾಡುತ್ತಾರೆ. ಇದಕ್ಕೆ ರೆಮ್ ನಿದ್ರಾ ವರ್ತನೆಯ ತೊಂದರೆ ಎಂದು ಹೆಸರು. ಅಮೆರಿಕದ ಮಿನೆಸೋಟಾದ ಷೆಂಕ್ ಮತ್ತು ಮಹೋವಾಲ್ಡ್ ಅವರ ತಂಡ 1986ರಲ್ಲಿ ಇದನ್ನು ಮೊದಲಿಗೆ ಒಂದು ಕಾಯಿಲೆಯಾಗಿ ವಿವರಿಸಿತು. ವರ್ಗೀಕರಣದಲ್ಲಿ ಇದು ಮೇಲಿನ ಕಾಲಿನ ಕಾಯಿಲೆಗಳ ಸಾಲಿನಲ್ಲಿಲ್ಲ, ಬೇರೆ ಗುಂಪಿನದು, ಚಿಕಿತ್ಸೆಯೂ ಬೇರೆ.

ಮೊದಲ ಕೆಲಸ ಇವತ್ತು ರಾತ್ರಿಯೇ ಆಗಬೇಕು. ಎತ್ತರದ ಮಂಚ ಬಿಟ್ಟು ನೆಲದ ಮೇಲೆ ಗಾದಿ ಹಾಕಿ, ಗೋಡೆಯ ಕಡೆ ದಿಂಬು ಇಡಿ, ತಲೆದೆಸೆಯಲ್ಲಿ ಬಡಿಗೆ, ಕುಡಗೋಲು, ಗಾಜಿನ ಲೋಟ ಯಾವುದೂ ಇರದಿರಲಿ, ಅವ್ವ ಕೆಲವು ದಿನ ಬೇರೆ ಹಾಸಿಗೆಯಲ್ಲಿ ಮಲಗಲಿ. ನಂತರ ನರರೋಗ ತಜ್ಞರಿಗೆ ತೋರಿಸಿ. ಕೆಲವು ಖಿನ್ನತೆಯ ಔಷಧಿಗಳಿಂದಲೂ, ತೀವ್ರ ಉಸಿರುಕಟ್ಟುವಿಕೆಯಿಂದಲೂ ಇಂಥದೇ ಚಿತ್ರ ಕಾಣಬಹುದಾದ್ದರಿಂದ ಇಲ್ಲಿ ರಾತ್ರಿಯ ನಿದ್ರಾ ಪರೀಕ್ಷೆ ನಿಜವಾಗಿಯೂ ಬೇಕಾಗುತ್ತದೆ. ಮೆಲಟೋನಿನ್ ಅಥವಾ ಕಡಿಮೆ ಪ್ರಮಾಣದ ಕ್ಲೋನಜೆಪಾಮ್‌ನಿಂದ ಬಹಳ ಮಂದಿಗೆ ಹತೋಟಿ ಸಿಗುತ್ತದೆ. ಎರಡನೆಯದರಿಂದ ಹಿರಿಯರು ತೂಗಾಡಿ ಬೀಳಬಹುದು.

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಈ ತೊಂದರೆಯಿದ್ದ 1280 ಮಂದಿಯನ್ನು ಹಲವು ದೇಶಗಳ 24 ಕೇಂದ್ರಗಳಲ್ಲಿ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 12 ವರ್ಷಗಳಲ್ಲಿ ಸುಮಾರು ಶೇ. 73 ಮಂದಿಯಲ್ಲಿ ಪಾರ್ಕಿನ್ಸನ್ ಅಥವಾ ಅದರ ಬಳಗದ ಮರೆವಿನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅದನ್ನು ತಡೆಯುವ ಔಷಧಿ ಇನ್ನೂ ಬಂದಿಲ್ಲ. ನಿದ್ದೆಯಲ್ಲಿಯೇ ಮುನ್ಸೂಚನೆ ಸಿಗುವುದರಿಂದ ಅಂಥ ಔಷಧಿಯ ಹುಡುಕಾಟ ಇವರ ಸುತ್ತಲೇ ನಡೆದಿದೆ. ತಂದೆಯವರಿಗೆ ಇದನ್ನು ಎಷ್ಟು, ಯಾವಾಗ ಹೇಳಬೇಕೆಂಬುದನ್ನು ವೈದ್ಯರ ಜೊತೆ ಕುಳಿತು ನಿರ್ಧರಿಸಿ. ವಾಸನೆ ತಿಳಿಯದಿರುವುದು, ಹಳೆಯ ಮಲಬದ್ಧತೆ, ನಡಿಗೆ ನಿಧಾನವಾಗಿರುವುದು, ಅಕ್ಷರ ಚಿಕ್ಕದಾಗಿರುವುದು ಇವೆಯೇ ಎಂದು ಗಮನಿಸಿ ಬರೆದಿಡಿ. ಬೆಳಗಿನ ಜಾವದ ಒಂದು ಘಟನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬನ್ನಿ, ಅವ್ವನನ್ನೂ ಕರೆತನ್ನಿ. ರಾತ್ರಿ ಏನಾಯಿತೆಂದು ತಂದೆಯವರಿಗೆ ನೆನಪಿರುವುದು ಹೋರಿ ಮಾತ್ರ, ಉಳಿದದ್ದನ್ನು ಕಂಡವರು ಅವ್ವನೇ.